ಊಟಕ್ಕೆ ಮೊದಲು ಓದಿದ ಪ್ರಬಂಧ

ಭಾನುವಾರ, 14 ಜೂನ್ 2015. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಡೊಂಬಿವಲಿಯ ಈ ಪಿ.ಜಿ. ಕೋಣೆಯಲ್ಲಿ ಈಗ ನಾನೊಬ್ಬಳೇ. ಜೊತೆಯಲ್ಲಿರುವ ಇಬ್ಬರು ಹುಡುಗಿಯರು ಶನಿವಾರವೇ ನಾಸಿಕದ ತಮ್ಮ ಮನೆಗಳಿಗೆ ಹೋಗಿದ್ದಾರೆ.

ಡೈರಿಯಲ್ಲಿ ದಿನದ ಲೆಕ್ಕ ಬರೆದಿಡುವುದು ಮೈಸೂರಿನ ಕಾಲೇಜು ದಿನಗಳಿಂದ ನನಗೆ ರೂಢಿ. ಎಷ್ಟು ಪುಟ ಓದಿದೆ, ಯಾವ ಬಸ್ಸು ಎಷ್ಟು ತಡವಾಯಿತು, ಇಂಥವು. ಇಲ್ಲಿಗೆ ಬಂದ ಮೇಲೆ ಇನ್ನೊಂದು ಕಾಲಂ ಸೇರಿತು. ಎದುರಿಗೆ ಇರುವವರ ಜೊತೆ ಕನ್ನಡ ಮಾತಾಡಿದ ದಿನಕ್ಕೆ ಒಂದು ಗೀಟು. ಅಮ್ಮನ ಫೋನು ಲೆಕ್ಕಕ್ಕಿಲ್ಲ. ಕಳೆದ ಜುಲೈನಲ್ಲಿ ಎರಡು ಗೀಟು ಬಿದ್ದವು, ಎರಡೂ ಸ್ಟೇಷನ್ ಹತ್ತಿರದ ಉಡುಪಿ ಹೊಟೇಲಿನ ಗಲ್ಲಾದ ಮುಂದೆ. ಆಗಸ್ಟಿನಲ್ಲಿ ಒಂದೂ ಇಲ್ಲ. ಗಲ್ಲಾಕ್ಕೆ ಮಾಲೀಕರ ಮಗ ಬಂದಿದ್ದ. ನಾನು ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಆ ಫೈಲು ಬಂತು. ನನ್ನ ಕೆಲಸ ಬೇಲಾಪುರದ ಒಂದು ಸಣ್ಣ ಕಚೇರಿಯಲ್ಲಿ. ಪೇಟೆಂಟ್ ಅರ್ಜಿಗಳನ್ನು ಬರೆದುಕೊಡುವುದು, ಸರ್ಕಾರಿ ಪರೀಕ್ಷಕರು ಎತ್ತಿದ ಆಕ್ಷೇಪಗಳಿಗೆ ಉತ್ತರ ತಯಾರಿಸುವುದು. ಈ ಅರ್ಜಿದಾರರು ಕಲ್ಯಾಣದಲ್ಲಿರುವ ನಿವೃತ್ತ ಟೆಲಿಫೋನ್ ಇಂಜಿನಿಯರ್, ಮೂಲ ಉಡುಪಿ ಕಡೆ. ವಿಷಯ, ಮೊಬೈಲ್ ಜಾಲದಲ್ಲಿ ಸಾಧನಗಳ ಗುಂಪನ್ನು ಒಟ್ಟಿಗೆ ಕರೆಯುವ ವಿಧಾನ. 2010ರ ಅಕ್ಟೋಬರಿನಲ್ಲಿ ತಾವೇ ಬರೆದು ಹಾಕಿದ್ದರು. ನಾಲ್ಕು ವರ್ಷದ ಮೇಲೆ ಆಕ್ಷೇಪ ಬಂದಾಗ ನಮ್ಮಲ್ಲಿಗೆ ಬಂದರು.

ನಮ್ಮ ಬಾಸ್ ಫೈಲನ್ನು ನನ್ನ ಮೇಜಿನ ಮೇಲಿಟ್ಟು, "ತುಮ್ಹಾರೇ ಗಾಂವ್‌ವಾಲೇ ಹೈಂ, ತುಮ್ ಸಂಭಾಲೋ" ಅಂದರು, ನಿನ್ನ ಊರಿನವರು, ನೀನೇ ನೋಡಿಕೋ ಎಂದು. ಮೈಸೂರಿಗೂ ಉಡುಪಿಗೂ ನಡುವೆ ಒಂದು ರಾತ್ರಿಯ ಬಸ್ಸಿನಷ್ಟು ದೂರವಿದೆ ಎಂದು ನಾನು ಹೇಳಲಿಲ್ಲ. ಭಾನುವಾರ ಕಲ್ಯಾಣಕ್ಕೆ ಹೋದೆ.

ಬಾಗಿಲು ತೆಗೆದವರು ಅವರ ಹೆಂಡತಿ, ಮುಂದೆ ನನಗೆ ಆಂಟಿ. ಒಳಗೆ ತಿರುಗಿ ತುಳುವಿನಲ್ಲಿ ಏನೋ ಹೇಳಿದರು, ಆಮೇಲೆ ನನಗೆ, "ಬನ್ನಿ ಬನ್ನಿ, ಇಷ್ಟು ಸಣ್ಣ ಹುಡುಗಿಯನ್ನು ಕಳಿಸಿದ್ದಾರೆ!" ಅಂದರು.

"ಸಣ್ಣವಳಾದ್ರೆ ಎಂತ? ಕನ್ನಡ ಬರ್ತದಲ್ಲ," ಅಂತ ಇಂಜಿನಿಯರ್ ಒಳಗಿನಿಂದಲೇ ಅಂದರು.

ತಮ್ಮ ವಿಧಾನವನ್ನು ಅವರು ನನಗೆ ವಿವರಿಸಿದ್ದು ನೀರಿನ ಲೆಕ್ಕದಲ್ಲಿ. ಅವರ ಕಟ್ಟಡದಲ್ಲಿ ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿಗೆ ನೀರು ಏರುವುದಿಲ್ಲ. ಕೆಳಗೆ ಟ್ಯಾಂಕರ್ ಬಂದಾಗ ವಾಚ್‌ಮನ್ ಒಂದು ಗಂಟೆ ಬಾರಿಸುತ್ತಾನೆ.

"ಒಂದು ಗಂಟೆಗೆ ಇಡೀ ವಿಂಗ್ ಕೊಡಪಾನ ಹಿಡ್ಕೊಂಡು ಮೆಟ್ಟಿಲಿಗೆ ಬಂತು. ಎಂತ ಆಯ್ತು? ಯಾರಿಗೂ ಇಳೀಲಿಕ್ಕೆ ಆಗ್ಲಿಲ್ಲ. ನಾನು ಸೊಸೈಟಿ ಮೀಟಿಂಗಿನಲ್ಲಿ ಹೇಳಿದೆ, ಗಂಟೆ ಒಂದೇ ಸಾಕು, ಆದ್ರೆ ಫ್ಲ್ಯಾಟ್ ನಂಬರಿನ ಕೊನೆಯ ಅಂಕಿ ನೋಡ್ಕೊಂಡು ಅಷ್ಟು ನಿಮಿಷ ತಡೆದು ಇಳೀರಿ ಅಂತ."

"ಇವರೇ ಮೊದಲು ಇಳಿದದ್ದು. ನಮ್ಮದು ನೂರಾ ಏಳು," ಎಂದರು ಆಂಟಿ.

ಮೊಬೈಲ್ ಜಾಲದಲ್ಲೂ ಹಾಗೆಯೇ. ಕರೆಂಟ್ ಮೀಟರುಗಳಿಗೆಲ್ಲ ಸಿಮ್ ಹಾಕಿದರೆ ಸಾವಿರಾರು ಮೀಟರುಗಳನ್ನು ಒಂದೊಂದಾಗಿ ಕರೆಯುವುದೇ ಜಾಲಕ್ಕೆ ಭಾರ. ಒಟ್ಟಿಗೆ ಕರೆದರೆ ಎಲ್ಲವೂ ಒಂದೇ ಕ್ಷಣಕ್ಕೆ ಓಗೊಟ್ಟು ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಗುಂಪಿಗೆ ಒಂದೇ ಕರೆ, ಪ್ರತಿ ಸಾಧನವೂ ತನ್ನ ಸಂಖ್ಯೆಯ ಕೊನೆಯ ಅಂಕಿಯಷ್ಟು ತಡೆದು ಉತ್ತರಿಸಬೇಕು. ಕರೆ ಇಲ್ಲದಾಗಲೂ ಮೊಬೈಲು ಆಗಾಗ ಎಚ್ಚರಗೊಂಡು, ತನ್ನನ್ನು ಯಾರಾದರೂ ಕೂಗಿದರೇ ಎಂದು ನೋಡಿ ಮತ್ತೆ ಮಲಗುತ್ತದೆ ಎಂದೂ ಹೇಳಿದರು. ಇದನ್ನು ಅವರು ನನಗೆ ಎರಡನೇ ಸಲ ವಿವರಿಸುವ ಅಗತ್ಯ ಇರಲಿಲ್ಲ.

ಪರೀಕ್ಷಕರ ಆಕ್ಷೇಪ, ಇದು ಬರೀ ಅಲ್ಗಾರಿದಮ್, ನಮ್ಮ ಕಾಯ್ದೆಯಲ್ಲಿ ಅದಕ್ಕೆ ಪೇಟೆಂಟ್ ಇಲ್ಲ ಎಂದು. ಜಾಲದ ದಟ್ಟಣೆ ನಿಜವಾಗಿ ಇಳಿಯುತ್ತದೆ, ಆದ್ದರಿಂದ ಇದು ಕಾಗದದ ಮೇಲಿನ ಗಣಿತವಲ್ಲ ಎಂದು ನಾವು ತೋರಿಸಬೇಕಿತ್ತು. ಅದಕ್ಕಾಗಿ ಚಳಿಗಾಲವೆಲ್ಲ ಭಾನುವಾರಗಳಂದು ಕಲ್ಯಾಣಕ್ಕೆ ಹೋದೆ. ಅವರು ಮೊದಲ ವಾರ "ಮೇಡಮ್" ಅನ್ನುತ್ತಿದ್ದರು. ಮೂರನೇ ವಾರಕ್ಕೆ "ನೀನು ಎಂತ ಮಾರಾಯ್ತಿ, ಒಂದು ನೀರುದೋಸೆಗೆ ಸಾಕು ಹೇಳ್ತಿ?" ಎನ್ನುವಷ್ಟಾಯಿತು. ನನಗೂ ಅವರು ಅಂಕಲ್ ಆದರು. ಡಿಸೆಂಬರಿನ ಪುಟದಲ್ಲಿ ನಾಲ್ಕು ಗೀಟುಗಳಿವೆ.

ಅವರಿಗೆ ಆ ಪೇಟೆಂಟು ಬೇಕೇ ಬೇಕಿತ್ತು. ಎಕ್ಸ್‌ಚೇಂಜಿನಲ್ಲಿ ಅವರು ಹೇಳಿದ ಸುಧಾರಣೆಗಳೆಲ್ಲ ಮೇಲಿನವರ ಟಿಪ್ಪಣಿಗಳಲ್ಲಿ ಸೇರಿಹೋಗಿದ್ದವು. "ಇದೊಂದಕ್ಕೆ ನನ್ನ ಹೆಸರು ಇರ್ಲಿ," ಅನ್ನುತ್ತಿದ್ದರು.

ಜನವರಿಯ ಒಂದು ಭಾನುವಾರ, ನಾನು ಹೊರಡುವ ಹೊತ್ತಿಗೆ ಕಪಾಟಿನಿಂದ ಕನ್ನಡ ಸಂಘದ ಸ್ಮರಣಸಂಚಿಕೆ ತೆಗೆದು ಕೊಟ್ಟರು. "ಓದು ಲೋಕಲಿನಲ್ಲಿ. ನನ್ನ ಲೇಖನ ಉಂಟು." 2009ರ ನವೆಂಬರಿನ ರಾಜ್ಯೋತ್ಸವದಲ್ಲಿ, ಊಟಕ್ಕೆ ಮೊದಲು ಅವರು ಓದಿದ ಪ್ರಬಂಧ ಅದು. ಗುಂಪು, ಒಂದೇ ಕರೆ, ಕೊನೆಯ ಅಂಕಿ, ಎಲ್ಲವೂ ಅಚ್ಚಾಗಿತ್ತು. ಅರ್ಜಿ ಹಾಕಿದ್ದು ಅದಾಗಿ ಹನ್ನೊಂದು ತಿಂಗಳಿಗೆ.

ಹೊಸತಿಗಷ್ಟೇ ಪೇಟೆಂಟ್. ಅರ್ಜಿಗೆ ಮೊದಲೇ ಲೋಕಕ್ಕೆ ಹೇಳಿದ್ದು ಹೊಸತಲ್ಲ, ಹೇಳಿದವನು ಸಂಶೋಧಕನೇ ಆದರೂ. ನಾನು ಕೆಲಸಕ್ಕೆ ಸೇರಿದಾಗ ಕಲಿತ ಮೊದಲ ಪಾಠ ಇದು. ಡೊಂಬಿವಲಿ ಬಂದರೂ ಇಳಿಯದೆ ಠಾಣೆಯವರೆಗೆ ಹೋಗಿ ವಾಪಸು ಬಂದೆ.

ಸೋಮವಾರ ಬಾಸ್‌ಗೆ ತೋರಿಸಿದೆ. ಅವರು ಪುಟ ತಿರುವಿ ನಕ್ಕರು. "ಎಕ್ಝಾಮಿನರ್ ಕನ್ನಡ ವಾಚಣಾರ್ ಆಹೆ ಕಾ?" ಪರೀಕ್ಷಕರೇನು ಕನ್ನಡ ಓದುತ್ತಾರಾ, ಕೇಳದಿದ್ದನ್ನು ಯಾಕೆ ಹೇಳಬೇಕು ಎಂದು ಅವರ ವಾದ. ಆದರೂ ಅರ್ಜಿದಾರರನ್ನು ಕೇಳಿ ಬಾ ಎಂದರು.

ಮುಂದಿನ ಭಾನುವಾರ ಹೇಳಿದೆ. ಅಂಕಲ್ ಸಂಚಿಕೆಯ ರಕ್ಷಾಪುಟವನ್ನು ಅಂಗೈಯಿಂದ ಒರೆಸಿದರು.

"ಅಲ್ಲ, ನಾನು ಓದಿದ್ದು ನಮ್ಮವರ ಎದುರಿಗೆ. ಕನ್ನಡದಲ್ಲಿ. ಅದು ಹೊರಗಿನವರಿಗೆ ಹೇಳಿದ ಹಾಗೆ ಹೇಗೆ ಆಗ್ತದೆ?"

"ಕಾಯ್ದೆಗೆ ಮನೆ, ಹೊರಗೆ ಅಂತ ಇಲ್ಲ ಅಂಕಲ್. ಹಾಲ್‌ಗೆ ಯಾರು ಬೇಕಾದ್ರೂ ಬರಬಹುದಿತ್ತಲ್ವಾ?"

"ಬರಬಹುದಿತ್ತು. ಊಟಕ್ಕೆ ಬಂದಿದ್ರು ಕೂಡ," ಎಂದರು ಆಂಟಿ.

ಬಾಸ್ ಹೇಳಿದ್ದನ್ನೂ ತಿಳಿಸಿದೆ. ಅಂಕಲ್ ತಲೆಯಾಡಿಸಿದರು. "ನಾನು ಓದುವಾಗ ಮಾವನ ಹೊಟೇಲಿನಲ್ಲಿ ಬಡಿಸ್ತಿದ್ದೆ. ನಿನ್ನೆಯ ಸಾಂಬಾರನ್ನು ಇವತ್ತಿನದ್ದು ಅಂತ ಬಡಿಸಿದ್ರೆ ಗಿರಾಕಿಗೆ ಗೊತ್ತಾಗ್ಲಿಕ್ಕಿಲ್ಲ. ಆದ್ರೆ ಅವನು ತಿಂದು ಮುಗಿಸುವ ತನಕ ನನಗೆ ಅವನ ಮೋರೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಬರೆದುಬಿಡು."

ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. ಸಂಶೋಧಕರು ಯಾವುದಾದರೂ 'ಲರ್ನೆಡ್ ಸೊಸೈಟಿ'ಯ, ಅಂದರೆ ವಿದ್ವತ್ ಸಂಸ್ಥೆಯ ಎದುರು ಪ್ರಬಂಧ ಓದಿ, ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಿದರೆ ಹೊಸತನ ಕೆಡುವುದಿಲ್ಲ. ಹನ್ನೊಂದು ತಿಂಗಳು ನಮ್ಮ ಪರವಾಗಿತ್ತು. ಉಳಿದದ್ದು, ಸಂಘ ವಿದ್ವತ್ ಸಂಸ್ಥೆಯೇ ಎಂಬುದು. ಪ್ರಮಾಣಪತ್ರ ಕೇಳಲು ಸಂಘದ ಕಾರ್ಯದರ್ಶಿಯ ಬಳಿಗೆ ಇಬ್ಬರೂ ಹೋದೆವು. ಅವರು ಧಾರವಾಡದ ಕಡೆಯವರು.

"ನಮ್ಮದು ಲರ್ನೆಡ್ ಸೊಸಾಯ್ಟಿ ಏನ್ರೀ?" ಎಂದು ಅವರು ಜೋರಾಗಿ ನಕ್ಕರು. "ಊಟಾ ಇಲ್ಲಂದ್ರ ಮಂದೀನ ಬರಂಗಿಲ್ಲ ನಮ್ಮಲ್ಲಿ. ಆ ವರ್ಷ ಹೋಳಿಗಿ ಮಾಡ್ಸಿದ್ವಿ, ಅದು ನೆನಪದ ನನಗ. ನಿಮ್ಮ ಭಾಷಣ... ಸಿಟ್ ಆಗಬ್ಯಾಡ್ರಿ ಮತ್ತ."

"ಒಬ್ರು ಪ್ರಶ್ನೆ ಕೇಳಿದ್ರು," ಎಂದರು ಅಂಕಲ್. "ಹಿಂದಿನ ಸಾಲಿನಿಂದ ಎದ್ದು ಕೇಳಿದ್ರು. ಕೊನೆಯ ಅಂಕಿ ಒಂದೇ ಇರೋರು ಇಬ್ರು ಬಂದ್ರೆ ಏನು ಮಾಡ್ತೀರಿ ಅಂತ."

"ಯಾರ್ ಕೇಳಿದ್ರು?"

"ಗೊತ್ತಿಲ್ಲ. ಅಷ್ಟರಲ್ಲಿ ಎಲೆ ಹಾಕಿದ್ರು."

ನಕ್ಕರೂ, ಪ್ರಬಂಧ ಓದಿದ್ದು ನಿಜ ಎಂದು ಕಾರ್ಯದರ್ಶಿ ಪತ್ರ ಕೊಟ್ಟರು. ಅದನ್ನೂ ಸಂಚಿಕೆಯನ್ನೂ ಉತ್ತರದ ಜೊತೆ ಸಲ್ಲಿಸಿದೆವು. ವಿಚಾರಣೆಯ ದಿನ ಮುಂಬೈ ಪೇಟೆಂಟ್ ಕಚೇರಿಗೆ ಅಂಕಲ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಅಧಿಕಾರಿ ಸೌಜನ್ಯದಿಂದಲೇ ಕೇಳಿದರು. ಮೇ ತಿಂಗಳ ಕೊನೆಯಲ್ಲಿ ಆದೇಶ ಬಂತು. ಅಲ್ಗಾರಿದಮ್ ಎಂಬ ಆಕ್ಷೇಪವನ್ನು ಕೈಬಿಟ್ಟಿದ್ದರು. ನಾವು ಅಷ್ಟು ಭಾನುವಾರ ಬರೆದದ್ದು ಗೆದ್ದಿತ್ತು. ಅರ್ಜಿ ಬಿದ್ದದ್ದು ಸ್ಮರಣಸಂಚಿಕೆಯಿಂದ. ಇದೊಂದು ಸಾಂಸ್ಕೃತಿಕ ಸಂಘ, ಪ್ರಬಂಧದ ಮೇಲೆ ಅಲ್ಲಿ ಚರ್ಚೆ ನಡೆಯಿತು ಎಂಬುದಕ್ಕೆ ಆಧಾರವಿಲ್ಲ ಎಂದು ಬರೆದಿದ್ದರು.

ಆದೇಶದ ಪ್ರತಿ ಕೊಡಲು ಹೋದಾಗ ಅಂಕಲ್ ಅದನ್ನು ಎರಡು ಸಲ ಓದಿದರು. "ಚರ್ಚೆ ಆಗಿತ್ತು," ಎಂದಷ್ಟೇ ಹೇಳಿದರು. ಮೇಲ್ಮನವಿಗೆ ಮೂರು ತಿಂಗಳ ಅವಕಾಶವಿದೆ, ಸಾಕ್ಷಿ ಸಿಕ್ಕರೆ ಹಾಕೋಣ ಎಂದೆ. ಸಿಕ್ಕರೆ ಆಗಬಹುದು ಎಂದರು. ಆಂಟಿ ಬಾಗಿಲವರೆಗೆ ಬಂದು, "ಫೈಲ್ ಇಲ್ಲದಿದ್ರೂ ಬಾ," ಅಂದರು.

ನಾನು ಹೋಗಿಲ್ಲ. ಕಳೆದ ಭಾನುವಾರ ಸ್ಟೇಷನ್‌ವರೆಗೆ ಹೋಗಿ, ಎರಡು ಕಲ್ಯಾಣ ಸ್ಲೋ ಲೋಕಲ್‌ಗಳನ್ನು ಹತ್ತದೆ ಬಿಟ್ಟು ವಾಪಸು ಬಂದೆ. ಕೈಯಲ್ಲಿ ಫೈಲಿಲ್ಲದೆ ಒಬ್ಬರ ಮನೆಯ ಬೆಲ್ ಒತ್ತುವುದು ನನಗೆ ಬರುವುದಿಲ್ಲ. ಜೂನ್ ಪುಟದಲ್ಲಿ ಇನ್ನೂ ಗೀಟು ಬಿದ್ದಿಲ್ಲ.

ಫೋನಿನಲ್ಲಿ ಅಂಕಲ್ ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇದನ್ನು ಪತ್ರಿಕೆಗೆ ಬರೆದಿದ್ದೇನೆ. 2009ರ ನವೆಂಬರಿನಲ್ಲಿ, ಹೋಳಿಗೆ ಊಟದ ಆ ರಾಜ್ಯೋತ್ಸವಕ್ಕೆ ಕಲ್ಯಾಣ, ಡೊಂಬಿವಲಿ ಕಡೆಯಿಂದ ಹೋಗಿದ್ದವರು ಈ ಪತ್ರಿಕೆ ಓದುತ್ತಿರಬಹುದು. ಹಿಂದಿನ ಸಾಲಿನಿಂದ ಎದ್ದು ಪ್ರಶ್ನೆ ಕೇಳಿದವರು ನೀವೇ ಆಗಿದ್ದರೆ, ಅಥವಾ ಕೇಳಿದವರ ಪಕ್ಕದಲ್ಲಿ ಕೂತಿದ್ದರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕನ್ನಡ ಸಂಘವೊಂದನ್ನು ಎಲ್ಲಿಯಾದರೂ ವಿದ್ವತ್ ಸಂಸ್ಥೆ ಎಂದು ಒಪ್ಪಿದ್ದು ಗೊತ್ತಿರುವವರೂ ಬರೆಯಬಹುದು. ಆಗಸ್ಟ್ ಮಧ್ಯದೊಳಗೆ ಕಾಗದ ತಲುಪಿದರೆ ಸಾಕು. ನಾನೇ ಕಲ್ಯಾಣಕ್ಕೆ ತೆಗೆದುಕೊಂಡು ಹೋಗಿ ಕೊಡುತ್ತೇನೆ.