ಶೇರ್ವಾನಿಯ ಉಪ್ಪು

ಇವತ್ತು ಗಾಂಧಿ ಗಂಜ ಪೇಟೆಯ ಹತ್ತಿರದ ಲಾಂಡ್ರಿ ಮುಂದೆ ಹಾದುಬರುವಾಗ ನೀರಿಲ್ಲದೆ ಬಟ್ಟೆ ಒಗೆಯುವ ಪೆಟ್ರೋಲ್ ವಾಷಿನ ಘಾಟು ಮೂಗಿಗೆ ಬಡಿಯಿತು. ರಶೀದಾ ಆಪಾ ನೆನಪಾದರು. ಅತ್ತರಿಗಲ್ಲ, ಪೆಟ್ರೋಲಿಗೆ ಹೆಣ್ಣುಮಗಳೊಬ್ಬಳು ನೆನಪಾಗುವುದು ವಿಚಿತ್ರವೇ. ನಗಬೇಡಿ.

ಆಪಾ, ಎಂದರೆ ಅಕ್ಕ, ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನ ನಿಕಾಹ್ ಭಾಲ್ಕಿಯ ಹುಡುಗಿಯೊಂದಿಗೆ ಗೊತ್ತಾದಾಗ ಅವರದು ಒಂದೇ ಹಟ: ಮಗ ಅಪ್ಪನ ಮದುವೆಯ ಶೇರ್ವಾನಿಯನ್ನೇ ತೊಡಬೇಕು. ಪೆಟ್ಟಿಗೆಯಿಂದ ತೆಗೆದರೆ ಕಪ್ಪು ಬಟ್ಟೆಯ ಕಂಕುಳಲ್ಲಿ, ಕಾಲರಿನಲ್ಲಿ ಬೆವರು ಒಣಗಿದ ಬಿಳಿ ಗೆರೆಗಳು. ಪೆಟ್ರೋಲಿನಲ್ಲಿ ಒಗೆಸಿದರು. ಅಂದಿನ ಮದುವೆಯೂಟದ ಬಿರಿಯಾನಿಯ ಜಿಡ್ಡು ಹೋಯಿತು, ಗೆರೆ ಹೋಗಲಿಲ್ಲ. ಬೀಗರು ನಗುತ್ತಾರೆ, ಹೊಸದು ತರೋಣ ಎಂದ ಮಗ. ಆಪಾ ಶೇರ್ವಾನಿಯನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು.

"ಮಾಸ್ತರ್ರ, ನೀವು ಕೆಮಿಸ್ಟ್ರಿ ಹೇಳೋರು. ಏನರ ದವಾ ಇದ್ರ ಕೊಡ್ರಿ."

"ನೀರು ಹಚ್ರಿ, ಆಪಾ."

"ತೌಬಾ! ಶೇರ್ವಾನಿಗಿ ನೀರ್ ತೋರ್ಸಬಾರದು ಅಂತ ನಮ್ಮ ಅತ್ತಿ ಹೇಳ್ಯಾರ್ರಿ."

ನನಗೆ ಅಷ್ಟೇ ಸಾಕಾಯಿತು. ನಾನು ಕಲಿಸುವ ಔರಾದ ಕಾಲೇಜಿನ ಹಿಂದಿನ ಬೆಂಚನ್ನು ಮಲಗಿಸುವ ಪಾಠವನ್ನು ಅಲ್ಲೇ ಶುರು ಮಾಡಿದೆ. ಉಪ್ಪಿನ ಕಣಗಳಲ್ಲಿ ವಿದ್ಯುದಂಶವಿದೆ. ನೀರಿನ ಅಣುವಿಗೂ ಒಂದು ಧನ ತುದಿ, ಒಂದು ಋಣ ತುದಿ. ಅದು ಉಪ್ಪನ್ನು ಸುತ್ತುಗಟ್ಟಿ ಎಳೆದುಕೊಳ್ಳುತ್ತದೆ. ಪೆಟ್ರೋಲಿಗೆ ಅಂಥ ತುದಿಗಳಿಲ್ಲ, ಅದರ ಸ್ನೇಹವೇನಿದ್ದರೂ ಜಿಡ್ಡಿನ ಜೊತೆ. ಆಪಾ ರೆಪ್ಪೆ ಬಡಿಯದೆ ಕೇಳಿದರು. ಅಂಥ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ.

ಬಣ್ಣ ಬಿಡುವುದಿಲ್ಲವೆಂದು ಒಳಮಡಿಕೆಯಲ್ಲಿ ನೋಡಿಕೊಂಡು, ಒದ್ದೆ ಅರಿವೆಯಿಂದ ಒತ್ತುತ್ತ ಹೋದೆ. ಹೊರಗಿನ ಗೆರೆಗಳು ಮಾಯವಾದವು. ಕಾಲರಿನ ಒಳಮೈಗೆ ಕೈ ಹಾಕಿದಾಗ ಆಪಾ ತಡೆದರು.

"ಅದೊಂದು ಬಿಡ್ರಿ, ಮಾಸ್ತರ್ರ. ಅದು ಯಾರಿಗೂ ಕಾಣಂಗಿಲ್ಲ. ಅವ್ರ ಬೆವರು ಅದು."

ಅರಿವೆ ಹಿಂಡಿ ಬದಿಗಿಟ್ಟೆ.

ಮದುವೆ ಸುಡುಬೇಸಿಗೆಯಲ್ಲಿ. ಭಾಲ್ಕಿಯ ಶಾಮಿಯಾನದಡಿ ಹುಡುಗ ಬೆವತು ತೊಯ್ದುಹೋಗಿದ್ದ, ಅಪ್ಪನ ಕಾಲರಿನೊಳಗೆ ಬೆರಳು ತೂರಿಸಿ ಸಡಿಲಿಸಿಕೊಳ್ಳುತ್ತಿದ್ದ. ಆಪಾ ದೂರದಿಂದ ನೋಡುತ್ತ ನಿಂತಿದ್ದರು. ನಾನು ಹತ್ತಿರ ಹೋಗಿ ಹೇಳಿದೆ:

"ಆಪಾ, ಬೆವರೂ ನೀರೇ ಅದರಿ. ಅಪ್ಪನ ಉಪ್ಪು ಈಗ ಮಗನ ಬೆವರಿನ್ಯಾಗ ಕರಗ್ಲಿಕತ್ತದ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಗಂಡ ಸತ್ತಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದಿನಿಂದ ತರಗತಿಯಲ್ಲಿ ಉಪ್ಪು ನೀರಿನಲ್ಲಿ ಕರಗುವ ಪಾಠ ಬಂದರೆ ಹಲಗೆಯ ಕಡೆ ತಿರುಗಿ ಬರೆಯುತ್ತ ನಿಲ್ಲುತ್ತೇನೆ. ಒದ್ದೆಯಾದ ಕಣ್ಣನ್ನು ಹುಡುಗರಿಗೆ ತೋರಿಸಲಾಗುವುದಿಲ್ಲ.