ಹೂಡಿಯಲ್ಲಿ ಉಬ್ಬರ, ಏಳು ಬೆರಳು

ಬೆಂಗಳೂರಿನ ಅಂಚಿನ ಹೂಡಿಯಿಂದ ಯಾವ ಸಮುದ್ರಕ್ಕೆ ಹೋಗಬೇಕೆಂದರೂ ಒಂದು ರಾತ್ರಿಯ ಬಸ್ ಪ್ರಯಾಣ ಬೇಕು. ಅಂಥ ಹೂಡಿಯಲ್ಲಿ 1994ರಿಂದ 1997ರವರೆಗೆ ದಿನಕ್ಕೆ ಎರಡು ಬಾರಿ ಉಬ್ಬರವಿಳಿತವನ್ನು ಅಳೆದು ದಾಖಲಿಸಿದವರು ಮಲಕಪ್ಪ. ಆ ಮೂರು ವರ್ಷಗಳ ನಾಲ್ಕು ರಿಜಿಸ್ಟರುಗಳು ಅವರ ಬಾಡಿಗೆ ಕೋಣೆಯ ಟ್ರಂಕಿನಲ್ಲಿ, ಪತ್ನಿ ದುರ್ಗವ್ವನ ಮದುವೆ ಸೀರೆಯ ಕೆಳಗಿವೆ. ಕಚೇರಿಯ ಕಾಗದಗಳು ಅಲ್ಲಿಗೆ ಬಂದು ಸೇರಿದ್ದು ಹೇಗೆ ಎಂಬುದೇ ಈ ವೃತ್ತಾಂತ.

ಊರ ಕೆರೆಯ ಒಂದು ಮೂಲೆಗೆ ಏರಿ ಹಾಕಿ ಅರ್ಧ ಎಕರೆ ನೀರನ್ನು ಬೇರ್ಪಡಿಸಿದ ಬಿಲ್ಡರ್ ಅದಕ್ಕೆ ‘ಲಗೂನ್’, ಅಂದರೆ ಕಡಲಂಚಿನ ಕೊಳ, ಎಂದು ನಾಮಕರಣ ಮಾಡಿದ್ದರು. ದಂಡೆಯ ಹನ್ನೊಂದು ಬಂಗಲೆಗಳ ಹಿತ್ತಲಿಗೆ ಹನ್ನೊಂದು ಜೆಟ್ಟಿಗಳು: ನೀರಿನಲ್ಲಿ ಮರದ ಕಂಬ ನೆಟ್ಟು, ಹಲಗೆ ಹಾಸಿ, ದೋಣಿ ಹತ್ತಲು ಮಾಡಿದ ಕಟ್ಟೆಗಳು. ದೋಣಿಗಳಿದ್ದುದು ಎರಡು. ಎರಡಕ್ಕೂ ಹಂಸದ ಕತ್ತಿತ್ತು, ತಲೆ ಒಂದಕ್ಕೆ ಮಾತ್ರ ಉಳಿದಿತ್ತು. ಬಂಗಲೆಗಳ ಹಿಂದೆ ಮೂರು ಅಪಾರ್ಟ್‌ಮೆಂಟ್ ಬ್ಲಾಕುಗಳು ನಿಂತಿದ್ದವು. ಅವುಗಳ ನಿವಾಸಿಗಳಿಗೆ ಲಗೂನನ್ನು ನೋಡುವ ಹಕ್ಕಿತ್ತು.

ಜೆಟ್ಟಿಯ ನಕ್ಷೆಯನ್ನು ವಿದೇಶದ ಕಡಲತೀರದ ಕಂಪನಿಯೊಂದರಿಂದ ಕೊಳ್ಳಲಾಗಿತ್ತು. ಅದರ ಜೊತೆಗೆ ನಿರ್ವಹಣೆಯ ಪುಸ್ತಕವೂ ಬಂತು. ಉಪ್ಪು ಬೆರೆತ ನೀರಿನಲ್ಲಿ, ಉಬ್ಬರವಿಳಿತದ ನಡುವೆ, ಮನೆಯ ಜೆಟ್ಟಿಯನ್ನು ಕಾಪಾಡಿಕೊಳ್ಳುವ ಕ್ರಮವನ್ನು ಅದು ವಿವರಿಸುತ್ತಿತ್ತು. ಇದರಿಂದ ಹೂಡಿಗೇನು ಎಂದು ಕೇಳುವ ಅವಿವೇಕವನ್ನು ಯಾರೂ ಮಾಡಲಿಲ್ಲ. ಬಿಲ್ಡರ್ ಕಚೇರಿಯ ಗುಮಾಸ್ತರು ಪುಸ್ತಕದಲ್ಲಿದ್ದಂತೆಯೇ ರಿಜಿಸ್ಟರಿಗೆ ಗೆರೆ ಎಳೆದು, ‘ಉಬ್ಬರ’, ‘ಇಳಿತ’ ಎಂದು ತಲೆಬರಹ ಬರೆದು, ಜೆಟ್ಟಿ ನೋಡಿಕೊಳ್ಳಲು ನೇಮಿಸಿದ್ದ ಮಲಕಪ್ಪನವರ ಕೈಗಿತ್ತರು.

ಮಲಕಪ್ಪ ಕೃಷ್ಣಾ ದಂಡೆಯವರು. ದೋಣಿ ನಿಲ್ಲುವ ಕಟ್ಟೆಯ ರಿಪೇರಿ ಅವರ ಮನೆತನದ ಕೆಲಸ. ಓದು ನಾಲ್ಕನೆಯ ತರಗತಿಯವರೆಗೆ. ಕಾಲಂ ತುಂಬುವುದು ಹೇಗೆಂದು ಕೇಳಿದಾಗ ಗುಮಾಸ್ತರು, “ನೀರು ಎಷ್ಟು ಏರ್ತು, ಎಷ್ಟು ಇಳೀತು, ಬರ್ಕೊಳಪ್ಪ. ಯಾರು ನೋಡ್ತಾರೆ?” ಎಂದರಂತೆ. ಎರಡನೆಯ ವಾಕ್ಯವನ್ನು ಮಲಕಪ್ಪ ಸೂಚನೆಯಾಗಿ ಪರಿಗಣಿಸಲಿಲ್ಲ. ಅವರ ಜೀವನದ ಕಷ್ಟಗಳೆಲ್ಲ ಆರಂಭವಾದದ್ದು ಇಲ್ಲಿಂದ.

ಅವರು ಕಂಬದ ಪಕ್ಕದಲ್ಲಿ ಕೂತು ಬೆರಳಿನಿಂದ ನೀರು ಅಳೆದರು. ದಿನವೂ ನೀರು ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ನಾಲ್ಕು ಬೆರಳು ಏರಿ, ಏರಿಯ ತೂಬಿನಿಂದ ಕೆರೆಗೆ ಹರಿದು ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಸಂಜೆ ಮತ್ತೆ ಎರಡು ಬೆರಳು. ಭಾನುವಾರ ತಡವಾಗಿ ಏರುತ್ತಿತ್ತು. ಕರೆಂಟ್ ಹೋಗಿ ಪಂಪು ನಿಂತ ದಿನ ಏರುತ್ತಲೇ ಇರಲಿಲ್ಲ. ನರಕ ಚತುರ್ದಶಿಯಂದು ಏಳು ಬೆರಳು. ಎಲ್ಲವನ್ನೂ ಅವರು ಬರೆದರು. ಜೊತೆಗೆ ದಬ್ಬಣದಿಂದ ಕಂಬ ಚುಚ್ಚಿ ನೋಡಿದರು. ಅವರ ಮಾತಿನಲ್ಲೇ ಹೇಳುವುದಾದರೆ: “ಯಾವಾಗಲೂ ನೀರಾಗಿರೂ ಕಟ್ಟಿಗಿ ಬಾಳತೈತಿ. ಒಣಗಿರೂದೂ ಬಾಳತೈತಿ. ಒಮ್ಮಿ ತೋಯ್ದು ಒಮ್ಮಿ ಒಣಗತೈತಲ್ರಿ, ಅದ ಸಾಯೂದು.” ನಾಲ್ಕು ಬೆರಳಿನ ಆ ಪಟ್ಟಿಯಲ್ಲಿ ದಬ್ಬಣ ಬೆಲ್ಲದೊಳಗೆ ಇಳಿದಂತೆ ಇಳಿಯುತ್ತಿತ್ತು. ಕಂಬ ಬದಲಿಸಬೇಕೆಂದು ಪ್ರತಿ ತಿಂಗಳೂ ಷರಾ ಬರೆದರು. ಗುಮಾಸ್ತರು ಪ್ರತಿ ತಿಂಗಳೂ ಸಹಿ ಹಾಕಿದರು.

1997ರಲ್ಲಿ ಆಡಳಿತ ನಿವಾಸಿಗಳ ಸಂಘದ ಕೈಗೆ ಬಂತು. ಕಾರ್ಯದರ್ಶಿ ಪಂಚಾಕ್ಷರಿಯವರು ಅಪಾರ್ಟ್‌ಮೆಂಟ್ ಬ್ಲಾಕಿನವರು, ದಾವಣಗೆರೆ ಕಡೆಯ ನಿವೃತ್ತ ಎಂಜಿನಿಯರ್. ಕೊಟ್ಟ ಕಾಗದವನ್ನು ಪೂರ್ತಿ ಓದುವ ದುರಭ್ಯಾಸ ಅವರಿಗಿತ್ತು. ರಿಜಿಸ್ಟರನ್ನು ಎರಡು ಬಾರಿ ಓದಿ ಮಲಕಪ್ಪನವರನ್ನು ಕರೆಸಿದರು.

“ಏನಪ್ಪಾ ಇದು? ಬೆಂಗಳೂರು ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಿದೆ. ಇಲ್ಲಿ ಉಬ್ಬರ ಎಲ್ಲಿಂದ ಬಂತು?”

“ಪೈಪಿನಾಗಿಂದ ಬರತೈತ್ರಿ ಸಾಹೇಬ್ರ.”

“ಮೂರು ವರ್ಷ ಕೂತ್ಕೊಂಡು ಕಥೆ ಬರ್ದಿದೀಯ. ಭಾನುವಾರ ಹನ್ನೊಂದಕ್ಕೆ ಕಮಿಟಿ ಮೀಟಿಂಗು. ಸುಳ್ಳು ದಾಖಲೆ ಅಂತ ನಿನ್ನ ತೆಗೀತಾರೆ, ಹೇಳಿರ್ತೀನಿ.”

“ಕೆಲಸ ಬ್ಯಾಡಂದ್ರ ಬಿಡ್ತೀನ್ರಿ. ಸುಳ್ಳು ಬರದವ ಅಂತ ಹೊರಗ ಹಾಕಬ್ಯಾಡ್ರಿ. ಐತವಾರ ಮುಂಜಾನೆ ಆರಕ್ಕ ನೀವ ಬಂದು ಕಂಬದ ಹಂತೇಕ ನಿಂದರ್ರಿ.”

ಆ ಸಂಜೆ ಮನೆಯಲ್ಲಿ ನಡೆದದ್ದರ ಬಗ್ಗೆ ಗಂಡ ಹೆಂಡಿರ ಹೇಳಿಕೆಗಳು ಹೊಂದುವುದಿಲ್ಲ. ಹೆಂಡತಿ ತನಗೆ ಧೈರ್ಯ ತುಂಬಿದಳೆಂದು ಮಲಕಪ್ಪ ಹೇಳುತ್ತಾರೆ. ದುರ್ಗವ್ವನ ನೆನಪು ಹೆಚ್ಚು ಖಚಿತವಾಗಿದೆ: “ತಪ್ಪಾತ್ರಿ ಅಂದು ಕೈಮುಗದು ಬಾ ಅಂದೆ. ಮಂದಿ ಜಳಕದ ನೀರು ಅಳ್ಯಾಕ ಬೆಂಗಳೂರಿಗೆ ಬರಬೇಕಿತ್ತೇನ ಅಂದೆ.”

ಭಾನುವಾರ ಆರಕ್ಕೆ ಪಂಚಾಕ್ಷರಿಯವರು ಮಂಕಿ ಕ್ಯಾಪ್ ಧರಿಸಿ, ಉಕ್ಕಿನ ಅಳತೆಪಟ್ಟಿಯೊಂದಿಗೆ ಬಂದರು. ಏಳಾಯಿತು. ಎಂಟಾಯಿತು. ನೀರು ಕನ್ನಡಿಯಂತಿತ್ತು.

“ಎಲ್ಲಪ್ಪಾ ನಿನ್ನ ಸಮುದ್ರ?”

“ಇವತ್ತ ಐತವಾರ ಅಲ್ರಿ. ಇನ್ನೂ ಮಂದಿ ಎದ್ದಿಲ್ಲ.”

ಒಂಬತ್ತರ ಸುಮಾರಿಗೆ ಬ್ಲಾಕುಗಳ ಕಡೆಯಿಂದ ಬಂದು ಪೊದೆಯ ಮರೆಯಲ್ಲಿದ್ದ ಪೈಪು ಎರಡು ಬಾರಿ ಕೆಮ್ಮಿತು. ನೊರೆ ಬಂತು, ಅದರ ಹಿಂದೆ ಸೀಗೆಕಾಯಿಯ ವಾಸನೆ. ಹತ್ತಕ್ಕೆ ನೀರು ಅಳತೆಪಟ್ಟಿಯಲ್ಲಿ ಏಳು ಸೆಂಟಿಮೀಟರ್ ಏರಿತ್ತು. ಮಲಕಪ್ಪ ತಮ್ಮ ಬೆರಳುಗಳನ್ನು ಪಕ್ಕಕ್ಕಿಟ್ಟರು. ನಾಲ್ಕು.

ಮಲಕಪ್ಪ ಅಷ್ಟಕ್ಕೇ ಬಿಡಲಿಲ್ಲ. ಕಂಬದಿಂದ ಬೋಲ್ಟೊಂದನ್ನು ಕೈಯಿಂದಲೇ ಕಿತ್ತು ಪಂಚಾಕ್ಷರಿಯವರ ಅಂಗೈಗಿಟ್ಟರು. ಅದು ಪೆನ್ಸಿಲಿನಷ್ಟು ಸವೆದಿತ್ತು, ಮೇಲೆ ಬಿಳಿಯ ಪುಡಿ. “ಉಪ್ಪು ರೀ. ಬೋರಿನ ಗಡಸು ನೀರು ಮೆತ್ತಗ ಮಾಡೂ ಮಷೀನಿಗೆ ಚೀಲಗಟ್ಟಲೆ ಹಾಕ್ತಾರಲ್ರಿ, ಅದನ್ನ ತೊಳದದ್ದೂ ಇಲ್ಲೇ ಬರತೈತಿ.”

ಹೀಗೆ, ಯಾರೂ ಓದದೆ ಕೊಂಡ ಪುಸ್ತಕವು ಹೂಡಿಯ ಲಗೂನಿಗೆ ಅಕ್ಷರಶಃ ಅನ್ವಯಿಸುತ್ತಿತ್ತು. ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕವಿದೆಯೆಂದು ಮಾರಾಟದ ಪತ್ರಿಕೆಯಲ್ಲಿ ಬಣ್ಣದ ಚಿತ್ರ ಸಮೇತ ಹೇಳಲಾಗಿತ್ತು. ಘಟಕದ ಕಟ್ಟಡವೂ ಇತ್ತು. ಸಂಘದ ಪ್ಲಾಸ್ಟಿಕ್ ಕುರ್ಚಿಗಳನ್ನೂ ಶಟಲ್ ಬಲೆಯನ್ನೂ ಅದರಲ್ಲಿ ಇಡುತ್ತಿದ್ದರು. ಮಲಕಪ್ಪ ನಿಜ ಹೇಳಿದ್ದಾರೆಂದು ಒಪ್ಪಿದರೆ, ಬಂಗಲೆಯವರು ಹಿತ್ತಲಲ್ಲಿ ಕೂತು ಸವಿಯುತ್ತಿದ್ದುದು ಯಾರ ಸ್ನಾನದ ನೀರನ್ನು ಎಂದೂ ಒಪ್ಪಬೇಕಾಗಿತ್ತು. ಸಂಘದಲ್ಲಿ ಸತ್ಯದ ಪರವಾಗಿ ಅಷ್ಟೊಂದು ಉತ್ಸಾಹ ಇರಲಿಲ್ಲ.

ಸಭೆ ನಲವತ್ತು ನಿಮಿಷ ನಡೆಯಿತು. ಮಲಕಪ್ಪ ಹೊರಗೆ ಚಪ್ಪಲಿಗಳ ಬಳಿ ನಿಂತಿದ್ದರು. ಪಂಚಾಕ್ಷರಿಯವರು ಹೊರಗೆ ಬಂದು, ಎತ್ತಲೋ ನೋಡುತ್ತ ಹೇಳಿದರು: “ಲಗೂನ್‌ನಲ್ಲಿ ಉಬ್ಬರವಿಳಿತ ಇಲ್ಲ ಅಂತ ಸರ್ವಾನುಮತದ ಠರಾವಾಯ್ತು. ನಿಂದೇನೂ ತಪ್ಪಿಲ್ಲ, ಕೆಲಸ ಇರುತ್ತೆ. ಈ ರಿಜಿಸ್ಟರುಗಳು ಮಾತ್ರ ಆಫೀಸಲ್ಲಿ ಬೇಡ, ಮನೆಗೆ ತಗೊಂಡು ಹೋಗ್ಬಿಡು. ಇನ್ಮೇಲೆ ಬರೀಬೇಡ.”

“ನಾ ಸುಳ್ಳು ಬರದಿಲ್ಲ ಅಂತ ಒಳಗ ಹೇಳಿದ್ರೇನ್ರಿ?”

“ಹೇಳ್ದೆ ಕಣಪ್ಪ. ಅದಕ್ಕೇ ನಲವತ್ತು ನಿಮಿಷ ಹಿಡೀತು.”

“ಬರಿಯೂದಿಲ್ರಿ. ಆದ್ರ ಕಟ್ಟಿಗಿ ಕಂಬ ತಗದು ಕಲ್ಲಿನ ಕಂಬ ಹಾಕಸ್ರಿ. ಕಟ್ಟಿಗಿಗೆ ಠರಾವು ಓದಾಕ ಬರೂದಿಲ್ಲ.”

ಪಂಚಾಕ್ಷರಿಯವರು ಬೋಲ್ಟನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡಿದ್ದರು. ಮುಂದಿನ ಸಭೆಯಲ್ಲಿ ‘ಸೌಂದರ್ಯ ವರ್ಧನೆ’ ಎಂಬ ಹೆಸರಿನಲ್ಲಿ ಕಲ್ಲಿನ ಕಂಬಗಳಿಗೆ ಒಪ್ಪಿಗೆ ದೊರೆಯಿತು. ಸುತ್ತಲಿನ ಹೊಲಗಳಲ್ಲಿ ಬೇಲಿಗೆ ನಿಲ್ಲಿಸುವಂಥವೇ, ಗಟ್ಟಿ ಬಿಳಿಗಲ್ಲು. ಕಲ್ಲುಕುಟಿಗ ಸೊಣ್ಣಪ್ಪನಿಗೆ ಮಲಕಪ್ಪ ಗುಟ್ಟಾಗಿ ಒಂದು ಕೆಲಸ ವಹಿಸಿದರು. ಮೊದಲ ಜೆಟ್ಟಿಯ ಕೊನೆಯ ಕಂಬದ ಮೇಲೆ, ಬೆರಳಿಗೊಂದರಂತೆ, ಉಳಿಯಿಂದ ಎಂಟು ಗೆರೆ. ಬರೆಯಬಾರದೆಂದು ಠರಾವಾಗಿತ್ತು, ಕೆತ್ತಬಾರದೆಂದು ಆಗಿರಲಿಲ್ಲ.

ಆ ವರ್ಷದ ನರಕ ಚತುರ್ದಶಿಯ ಬೆಳಿಗ್ಗೆ ಮಲಕಪ್ಪ ಎಂದಿನಂತೆ ಕಂಬದ ಬಳಿ ಕೂತಿದ್ದರು. ಹಲಗೆಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಪಂಚಾಕ್ಷರಿಯವರು ಲುಂಗಿಯಲ್ಲಿ, ತಲೆತುಂಬ ಎಣ್ಣೆ ಸುರಿಸಿಕೊಂಡು ಬಂದು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ, ಬಗ್ಗಿದರು.

“ಎಷ್ಟಾಯ್ತಪ್ಪಾ?”

“ಆರೂವರಿ ಬೆರಳ್ರಿ ಸಾಹೇಬ್ರ,” ಎಂದರು ಮಲಕಪ್ಪ. “ನಿಮ್ಮ ಮನೀದು ಇನ್ನೂ ಬರಬೇಕು.”