ಹಗಲು ಹಾಕಿದ ಚಿಲಕ

ಇಂಡಿ ಸೀಮೆಯಲ್ಲಿ ಎತ್ತಿನ ಬಂಡಿಗಳು ಓಡುತ್ತಿದ್ದ ಕಾಲಕ್ಕೆ ಹೊರ್ತಿಯ ಕುತುಬುದ್ದೀನನ ಹೆಸರು ಕೇಳದ ಒಕ್ಕಲಿಗನಿರಲಿಲ್ಲ. ಅವನು ಕಾದ ಕಬ್ಬಿಣದ ಹಳಿಯನ್ನು ಗಾಲಿಗೆ ಏರಿಸಿದನೆಂದರೆ ಗಾಲಿ ಸವೆಯಬೇಕು, ಹಳಿ ಜಾರಬಾರದು. ಹೆಂಡತಿ ರಮಜಾನಬಿ ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗಿದವಳು. ಅವಳು ಪಡಸಾಲೆಯಲ್ಲಿ ಕೂತು ಗೌಡತಿಯ ಕೈಗೆ ಬಳೆ ಇಡುವಾಗ ಗೌಡನೂ ಹೊಸ್ತಿಲಾಚೆ ಕಾಯುತ್ತಿದ್ದ. ನಡುವೆ ಮಾತಾಡಿಸಿದರೆ ಬಳೆ ಒಡೆಯುತ್ತದೆಂಬ ಅಂಜಿಕೆ ಅವನಿಗೆ.

ಇವರ ಮೊಮ್ಮಗಳು ಕೌಸರ. ಅವಳನ್ನು ಝಳಕಿಯ ಜಾಹಿದನಿಗೆ ಕೊಟ್ಟಿದ್ದರು. ಕೊರೊನಾದ ವರ್ಷ ಅವನು ಪುಣೆಯಿಂದ ಮರಳಿ, ಯಾವುದೋ ಗೋದಾಮಿನ ಲೆಕ್ಕವನ್ನು ಮನೆಯಲ್ಲೇ ಕೂತು ನೋಡತೊಡಗಿದ. ಕೌಸರಳಿಗೂ ಅಂಥದೇ ನೌಕರಿ ಸಿಕ್ಕಿತು. ಕಿವಿಗೆ ಹೆಡ್‌ಫೋನ್ ಏರಿಸಿ ವಿಮೆ ಕಂಪನಿಯೊಂದರ ಗಿರಾಕಿಗಳ ದೂರು ಕೇಳುವುದು.

ನೊಗ ಒಂದೇ, ಆದರೆ ಒಂದು ಎತ್ತಿಗೆ ಹಿಂಡಿ, ಇನ್ನೊಂದಕ್ಕೆ ಒಣ ಕಣಿಕೆ. ಅವನಿಗೆ ಮಾಳಿಗೆಯ ಖೋಲಿ, ಅದಕ್ಕೊಂದು ಚಿಲಕ, ಕೇಳಿದಾಗ ಚಹಾ, ಊಟವಾದ ಮೇಲೊಂದು ಜೊಂಪು. ಪುಣೆಯಲ್ಲಿ ಬತ್ತಿದ್ದ ಗಲ್ಲ ತುಂಬಿಕೊಂಡವು. ಅವಳಿಗೆ ಪಡಸಾಲೆಯ ಮೂಲೆ. ಒಂದು ಕಿವಿಯಲ್ಲಿ ಗಿರಾಕಿ, ಇನ್ನೊಂದರಲ್ಲಿ ಕುಕ್ಕರಿನ ಸೀಟಿ. ಹಾಲಿನವನು ಬಂದರೂ ಅವಳೇ ಏಳಬೇಕು, ನೆರೆಯವರ ಕೂಸು ಅತ್ತರೂ ಅವಳೇ. “ಮನ್ಯಾಗ ಇದ್ದಾಳಲ್ಲ” ಎಂಬ ಒಂದು ಮಾತು ಅವಳ ಬೆನ್ನು ಮುರಿಯಿತು, ನಿದ್ದೆ ತಿಂದಿತು.

ಕಳೆದ ಚಳಿಗಾಲದಲ್ಲಿ ಕಂಪನಿಯವರು ಹೊಸಬರಿಗೆ ಕಲಿಸುವ ಹುದ್ದೆಗೆ ಅವಳನ್ನು ಪರೀಕ್ಷಿಸುತ್ತೇವೆಂದರು. ಒಂದು ಮುಂಜಾನೆ ಅವಳ ಕರೆಗಳನ್ನು ಮೇಲಿನವರು ಕೂತು ಕೇಳುತ್ತಾರೆ. ಅವಳು ಗಂಡನಿಗೆ ಕೇಳಿದ್ದು ಇಷ್ಟೇ:

“ಅದೊಂದು ಮುಂಜಾನಿ ನಿಮ್ಮ ಖೋಲಿ ಕೊಡ್ರಿ.”

“ಅದಕ್ಯಾಕ ಇಷ್ಟು ಸಣ್ಣ ಮಾರಿ ಮಾಡ್ತಿ? ತಗೋ,” ಎಂದ ಜಾಹಿದ.

ಆ ದಿನ ಅವಳು ಮೇಲೆ ಚಿಲಕ ಹಾಕಿ ಕೂತಳು, ಅವನು ಕೆಳಗೆ ಪಡಸಾಲೆಯಲ್ಲಿ. ಅಷ್ಟರಲ್ಲಿ ಅತ್ತೆ ಶಮ್ಶುನ್ನೀಸಾಳ ತಂಗಿ ಸಿಂದಗಿಯಿಂದ ಬಂದಿಳಿದಳು. ಅತ್ತೆ ಬಾಯಿಗೆ ಬೆರಳಿಟ್ಟು, “ಸಾವಕಾಶ ಮಾತಾಡ, ಜಾಹಿದ ಕೆಲಸಾ ಮಾಡಾಕತ್ತಾನ,” ಎಂದಳು.

“ಸೊಸಿ ಎಲ್ಲಿ?”

“ಮ್ಯಾಲ ಚಿಲಕಾ ಹಾಕ್ಕೊಂಡು ಕುಂತಾಳ.”

“ಹಾಡಹಗಲ ಸೊಸಿ ಚಿಲಕಾ ಹಾಕೂದ? ಚಲೋ ಮಹಾರಾಣಿನ್ನ ತಂದೀ ಬಿಡವ್ವ!”

ಆ ಮನೆಯಲ್ಲಿ ಸೊಸೆ ಹಗಲು ಕದ ಹಾಕಿದರೆ ಬಂದವರ ಮುಖಕ್ಕೇ ಹಾಕಿದಂತೆ. ಅತ್ತೆಯ ಮಾರಿ ಕಪ್ಪಿಟ್ಟಿತು. ಇವತ್ತು ಅವಳ ಪರೀಕ್ಷೆಯೆಂದು ಮಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಎದ್ದ. ಮೇಲೆ ಹೋಗಿ ಕದ ಬಡಿದ.

“ಕೌಸರ! ಐದು ಮಿನಿಟ ಬಂದು ಚಹಾ ಮಾಡಿ ಹೋಗ. ಖಾಲಾ ಬಂದಾಳ.”

ಮತ್ತೆ ಬಡಿದ. ಒಳಗೆ ಅವಳು ಗಂಡ ಸತ್ತ ಮುದುಕಿಯೊಬ್ಬಳ ಅಹವಾಲು ಕೇಳುತ್ತಿದ್ದಳು. “ನಿಮ್ಮನ್ಯಾಗ ಜಗಳೇನ ತಂಗಿ? ಆಮ್ಯಾಲ ಮಾತಾಡ್ತೇನಿ ಬಿಡು,” ಎಂದು ಮುದುಕಿಯೇ ಹೆದರಿ ಫೋನ್ ಇಟ್ಟಳು. ಕೇಳುತ್ತಿದ್ದ ಕಂಪನಿಯ ಮೇಲಿನವರಿಗೆ ಅಷ್ಟು ಸಾಕಾಯಿತು. ಮನೆಯ ವಾತಾವರಣ ಸರಿಯಿಲ್ಲವೆಂದು ಹುದ್ದೆಯನ್ನು ಬೇರೊಬ್ಬನಿಗೆ ಕೊಟ್ಟರು.

ಕೌಸರ ಕೆಳಗೆ ಬಂದು ಚಹಾ ಮಾಡಿ ಕೊಟ್ಟಳು. ತಿಂಗಳೊಳಗೆ ಆ ನೌಕರಿ ಬಿಟ್ಟು ಇಂಡಿಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ ಹಿಡಿದಳು. ಪಗಾರ ಅರ್ಧಕ್ಕಿಳಿಯಿತು.

ಮೊದಲ ಮುಂಜಾನೆ ಅವಳು ಹೊರಟಾಗ ಜಾಹಿದ ಬಾಗಿಲಿಗೆ ಅಡ್ಡ ನಿಂತ.

“ತಪ್ಪಾತು ಅಂದೆನಲ್ಲ. ಇನ್ನ ಮ್ಯಾಲ ಮಾಳಿಗಿ ಖೋಲಿ ನೀನ ಇಟ್ಕೋ. ಅಡಗಿಗೂ ಕೈ ಹಚ್ತೇನಿ. ಇಷ್ಟು ಹಲ್ಕಾ ಪಗಾರಕ್ಕ ಬಸ್ಸಿನ್ಯಾಗ ಯಾಕ ಜೋತಾಡ್ತಿ?”

ಕೌಸರ ಸೆರಗು ಸರಿಮಾಡಿಕೊಂಡಳು.

“ಬ್ಯಾಡ್ರಿ. ನೀವು ಕೊಟ್ಟದ್ದನ್ನ ನೀವು ಕೇಳಿದ ಹೊತ್ತಿಗೆ ತಿರುಗಿ ಕೊಡಬೇಕಾಗ್ತೈತಿ, ಅದು ನನಗ ತಿಳೀತು. ಅಲ್ಲಿ ನನಗೊಂದು ಕುರ್ಚಿ ಐತಿ. ಅದರ ಮ್ಯಾಲ ಕುಂತಾಗ ನಾ ಯಾರ ಸೊಸೀನೂ ಅಲ್ಲ. ಬಸ್ಸಿನ ಹೊತ್ತಾತು, ಸರೀರಿ.”